ಬ್ರೇಕ್ ಆಯಿಲ್: ಯಾವುದು ಹಾಕಬೇಕು, ಯಾವಾಗ ಬದಲಾಯಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ ಆಯಿಲ್ ಬದಲಾಯಿಸುವ ಸಮಯ ಬಂತೆಂದರೆ ಎಲ್ಲರಿಗೂ ನೆನಪಾಗುತ್ತದೆ. ಬ್ರೇಕ್ ಆಯಿಲ್ ಮಾತ್ರ ಎಷ್ಟೋ ಗಾಡಿಗಳಲ್ಲಿ ಐದಾರು ವರ್ಷವಾದರೂ ಕಂಪನಿಯಲ್ಲಿ ತುಂಬಿದ್ದೇ ಇರುತ್ತದೆ. ಗಾಡಿ ನಿಲ್ಲದಿದ್ದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಅಗ್ಗದಲ್ಲಿ, ಅರ್ಧ ಗಂಟೆಯಲ್ಲಿ ಮುಗಿಯುವ ಈ ಕೆಲಸವನ್ನೇ ಮುಂದೂಡುತ್ತೇವೆ. ಬೈಕು, ಸ್ಕೂಟರು, ಕಾರು ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಬ್ರೇಕ್ ಆಯಿಲ್ ಉರಿದು ಖರ್ಚಾಗುವುದಿಲ್ಲ, ಸೋರುತ್ತಲೂ ಇಲ್ಲ. ಮತ್ತೆ ಬದಲಾಯಿಸುವುದು ಯಾಕೆ?

ಅದು ಗಾಳಿಯಲ್ಲಿರುವ ತೇವ ಹೀರುತ್ತದೆ, ಅದಕ್ಕೆ. ನಮ್ಮ ಗಾಡಿಗಳಲ್ಲಿರುವ ಡಾಟ್ 3, ಡಾಟ್ 4 (ಡಾಟ್ ಎಂಬುದು ಬ್ರೇಕ್ ಆಯಿಲ್ ದರ್ಜೆಯ ಗುರುತು) ಆಯಿಲ್‌ಗಳು ಗ್ಲೈಕಾಲ್ ಈಥರ್ ಜಾತಿಯ ರಾಸಾಯನಿಕಗಳಿಂದ ಮಾಡಿದವು. ಮಳೆಗಾಲದಲ್ಲಿ ಭರಣಿಯೊಳಗಿನ ಉಪ್ಪು ನೀರೊಡೆಯುವ ಹಾಗೆ ಇದೂ ಇದ್ದಲ್ಲೇ ತೇವ ಎಳೆದುಕೊಳ್ಳುತ್ತದೆ. ಮುಚ್ಚಳ ಎಷ್ಟೇ ಬಿಗಿಯಾಗಿರಲಿ, ರಬ್ಬರ್ ಹೋಸಿನ ಮೈಯಿಂದಲೇ ತೇವ ನಿಧಾನವಾಗಿ ಒಳಗೆ ಇಳಿಯುತ್ತದೆ.

ನೀರು ಸೇರಿದರೆ ಎರಡು ತೊಂದರೆ. ಮೊದಲನೆಯದು ಕುದಿಯುವ ಬಿಸಿ ಕಡಿಮೆಯಾಗುವುದು. ಬ್ರೇಕ್ ಹಿಡಿದಾಗ ಗಾಡಿಯ ವೇಗವೆಲ್ಲ ಶಾಖವಾಗಿ ಡಿಸ್ಕಿಗೂ ಪ್ಯಾಡಿಗೂ ಸೇರುತ್ತದೆ. ಪ್ಯಾಡಿನ ಬೆನ್ನಿಗೆ ಪಿಸ್ಟನ್, ಪಿಸ್ಟನ್ನಿನ ಬೆನ್ನಿಗೆ ಆಯಿಲ್. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮವಿದೆ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದ ಮೇಲೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ನೂರು ಪಾಲಿನಲ್ಲಿ ನಾಲ್ಕು ಪಾಲೂ ಇಲ್ಲದ ನೀರು 75 ಡಿಗ್ರಿಯಷ್ಟು ತಾಳಿಕೆಯನ್ನು ತಿಂದುಹಾಕುತ್ತದೆ. ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ನೀವು ಲಿವರ್ ಹಿಂಡಿದ ಬಲವೆಲ್ಲ ಆ ಗುಳ್ಳೆಗಳನ್ನು ಹಿಸುಕುವುದರಲ್ಲೇ ಮುಗಿದುಹೋಗಿ ಪ್ಯಾಡಿನವರೆಗೆ ಹೋಗುವುದೇ ಇಲ್ಲ.

ಎರಡನೆಯದು ತುಕ್ಕು. ಆಯಿಲ್‌ನಲ್ಲಿ ತುಕ್ಕು ತಡೆಯಲು ಹಾಕಿರುವ ಅಂಶಗಳು ವರ್ಷ ಕಳೆದಂತೆ ಸತ್ವ ಕಳೆದುಕೊಳ್ಳುತ್ತವೆ. ಆಮೇಲೆ ಲಿವರ್ ಅಥವಾ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಮೈ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್, ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದ ಸೂಕ್ಷ್ಮ ವಾಲ್ವುಗಳು ಒಂದೊಂದಾಗಿ ಕೆಡುತ್ತವೆ. ಎಬಿಎಸ್ ಘಟಕವೇ ಹೋದರೆ ಆಗುವ ಖರ್ಚಿನಲ್ಲಿ ಗಾಡಿಯ ಆಯುಸ್ಸಿಡೀ ಬ್ರೇಕ್ ಆಯಿಲ್ ಬದಲಾಯಿಸಿಕೊಂಡಿರಬಹುದಿತ್ತು.

ಘಾಟಿ ಇಳಿಯುವಾಗ ಬ್ರೇಕ್ ಹಿಡಿಯಲೇ ಇಲ್ಲ, ಕೆಳಗೆ ಬಂದ ಮೇಲೆ ತಾನಾಗೇ ಸರಿಯಾಯಿತು. ಯಾಕೆ ಹೀಗೆ?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು: ತಾನಾಗೇ ಸರಿಯಾಯಿತೆಂದು ಬಿಡಬೇಡಿ. ಕುದಿದ ಆಯಿಲ್ ತಣ್ಣಗಾದಾಗ ಆವಿ ಮತ್ತೆ ದ್ರವವಾಗುತ್ತದೆ, ಲಿವರ್ ಗಟ್ಟಿಯಾಗುತ್ತದೆ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಪರೀಕ್ಷಿಸಿದವರಿಗೆ ದೋಷವೇ ಕಾಣುವುದಿಲ್ಲ. ಮುಂದಿನ ಘಾಟಿಯಲ್ಲಿ ಮತ್ತೆ ಅದೇ ಆಗುತ್ತದೆ.

ಆ ಕ್ಷಣದಲ್ಲಿ ಕೈಗೆ, ಕಾಲಿಗೆ ಹೇಗನಿಸಿತು ಎಂದು ನೆನಪು ಮಾಡಿಕೊಂಡರೆ ಕಾರಣ ಸಿಗುತ್ತದೆ. ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬಂತು, ಅಥವಾ ಪೆಡಲ್ ನೆಲಕ್ಕೆ ಹೋಯಿತು ಎಂದರೆ ಆಯಿಲ್ ಕುದಿದಿರುವ ಸಾಧ್ಯತೆ ಹೆಚ್ಚು. ಲಿವರ್ ಎಂದಿನಷ್ಟೇ ಗಟ್ಟಿಯಾಗಿತ್ತು, ಎಷ್ಟು ಹಿಂಡಿದರೂ ಗಾಡಿ ಮಾತ್ರ ನಿಲ್ಲಲಿಲ್ಲ, ಸುಟ್ಟ ವಾಸನೆ ಬಂತು ಎಂದರೆ ಪ್ಯಾಡು ವಿಪರೀತ ಕಾದು ಹಿಡಿತ ಬಿಟ್ಟಿದೆ. ಮೊದಲನೆಯದಕ್ಕೆ ಹೊಸ ಆಯಿಲ್ ಬೇಕು. ಎರಡನೆಯದಕ್ಕೆ ಪ್ಯಾಡು ನೋಡಬೇಕು, ಇಳಿಯುವ ರೀತಿಯನ್ನೂ ತಿದ್ದಿಕೊಳ್ಳಬೇಕು.

ಆಗುಂಬೆಯ 14 ತಿರುವುಗಳಲ್ಲಾಗಲಿ, ಚಾರ್ಮಾಡಿಯಲ್ಲಾಗಲಿ ಬ್ರೇಕನ್ನು ಇಡೀ ದಾರಿ ಅರೆಬರೆ ಒತ್ತಿಕೊಂಡೇ ಇಳಿಯುವವರನ್ನು ನೋಡುತ್ತೇವೆ. ಶಾಖ ಹೊರಹೋಗಲು ಸಮಯವೇ ಸಿಗುವುದಿಲ್ಲ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಪೂರ್ತಿ ಬಿಡಿ. ಉಳಿದ ಕೆಲಸವನ್ನು ಕೆಳಗಿನ ಗೇರು ಮಾಡಲಿ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಯುವುದಂತೂ ಬೇಡವೇ ಬೇಡ; ಎಂಜಿನ್ನಿನ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕಾರಿನ ಎಂಜಿನ್ ಆಫ್ ಮಾಡಿದರಂತೂ ಪೆಡಲ್ ಒತ್ತುವ ಬಲ ಹೆಚ್ಚಿಸುವ ಬ್ರೇಕ್ ಬೂಸ್ಟರ್‌ನ ನೆರವೂ ಹೋಗಿ ಪೆಡಲ್ ಕಲ್ಲಾಗುತ್ತದೆ. ಗೇರಿಲ್ಲದ ಸ್ಕೂಟರಿನವರಿಗೆ ಎಂಜಿನ್ ಹಿಡಿತ ಕಡಿಮೆ, ಅವರು ನಡುವೆ ನಿಲ್ಲಿಸಿ ಆರಿಸಿಕೊಂಡು ಇಳಿಯುವುದು ಒಳ್ಳೆಯದು. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗಬಹುದು.

ಇಳಿಯುವಾಗಲೇ ಲಿವರ್ ಮೆತ್ತಗಾದರೆ ಬೇಗ ಬೇಗ ಪಂಪ್ ಮಾಡಿ. ಸ್ವಲ್ಪ ಒತ್ತಡ ಸಿಗಬಹುದು. ಜೊತೆಗೇ ಗೇರ್ ಒಂದೊಂದಾಗಿ ಇಳಿಸಿ. ಕಾರಾದರೆ ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿಕೊಂಡೇ ಮೆಲ್ಲಗೆ ಎಳೆಯಿರಿ. ಕೇಬಲ್ಲಿನ ಹ್ಯಾಂಡ್‌ಬ್ರೇಕಿಗೆ ಆಯಿಲ್‌ನ ಹಂಗಿಲ್ಲ.

ಡಾಟ್ 3, ಡಾಟ್ 4, ಡಾಟ್ 5.1: ನನ್ನ ಗಾಡಿಗೆ ಯಾವುದು?

ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೆ ಬರೆದಿರುವುದೇ. ಅಲ್ಲಿ ಅಚ್ಚು ಮಾಸಿದ್ದರೆ ಮ್ಯಾನುಯಲ್ ನೋಡಿ. ಇವತ್ತಿನ ಬೈಕುಗಳಲ್ಲೂ ಕಾರುಗಳಲ್ಲೂ ಹೆಚ್ಚಾಗಿ ಡಾಟ್ 4 ಇರುತ್ತದೆ, ಹಳೆಯ ಕೆಲವು ಗಾಡಿಗಳಲ್ಲಿ ಡಾಟ್ 3.

ಹೊಸದಿದ್ದಾಗ ಡಾಟ್ 3 ಕನಿಷ್ಠ 205 ಡಿಗ್ರಿ, ಡಾಟ್ 4 230 ಡಿಗ್ರಿ, ಡಾಟ್ 5.1 260 ಡಿಗ್ರಿ ತಡೆಯಬೇಕು. ನೀರು ಸೇರಿದ ಸ್ಥಿತಿಯಲ್ಲಿ ಕ್ರಮವಾಗಿ 140, 155, 180. ಕೊಳ್ಳುವಾಗ ಡಬ್ಬಿಯ ಹಿಂದೆ ಈ ಎರಡನೆಯ ಅಂಕಿಯನ್ನೇ ಹುಡುಕಿ ನೋಡಿ, ಏಕೆಂದರೆ ಒಂದು ಮಳೆಗಾಲ ಕಳೆದ ಮೇಲೆ ನಿಮ್ಮ ಗಾಡಿಯಲ್ಲಿರುವ ಆಯಿಲ್ ಮೊದಲನೆಯ ಅಂಕಿಯ ಹತ್ತಿರ ಇರುವುದಿಲ್ಲ.

ಡಾಟ್ 3 ಇರುವ ಗಾಡಿಗೆ ಡಾಟ್ 4 ಹಾಕಬಹುದು. ಡಾಟ್ 4 ಕೇಳುವ ಗಾಡಿಗೆ ಡಾಟ್ 3 ಹಾಕಬಾರದು. ಡಾಟ್ 5.1 ಕೂಡ ಗ್ಲೈಕಾಲ್ ಜಾತಿಯದೇ, ಆದ್ದರಿಂದ ಡಾಟ್ 4 ಜಾಗದಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಊರೊಳಗೆ ಓಡಾಡುವ ಗಾಡಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ದುಬಾರಿ ಆಯಿಲ್ ಹಾಕಿ ನಾಲ್ಕು ವರ್ಷ ಮರೆತುಬಿಡುವುದಕ್ಕಿಂತ ಸಾಧಾರಣ ಡಾಟ್ 4 ಹಾಕಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಎಷ್ಟೋ ಮೇಲು. ಕಾರು ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಇರುವ ಕೆಲವು ಕಾರುಗಳು ತೆಳುವಾಗಿ ಹರಿಯುವ ಡಾಟ್ 4 ಎಲ್‌ವಿ ಕೇಳುತ್ತವೆ. ಅಂಥವಕ್ಕೆ ಅದನ್ನೇ ಹಾಕಿ.

ಡಾಟ್ 5 ಎಂದರೆ ಡಾಟ್ 4ಕ್ಕಿಂತ ಒಂದು ಮೆಟ್ಟಿಲು ಮೇಲಲ್ಲವೇ?

ಅಲ್ಲ. ಡಾಟ್ 5 ಬೇರೆಯದೇ ಕುಲ, ಅದು ಸಿಲಿಕೋನ್. ನೇರಳೆ ಬಣ್ಣ ಹಾಕಿರುತ್ತಾರೆ. ನೀರಿನ ಜೊತೆ ಬೆರೆಯುವುದಿಲ್ಲ, ಗ್ಲೈಕಾಲ್ ಆಯಿಲ್ ಜೊತೆಗೂ ಬೆರೆಯುವುದಿಲ್ಲ. ಒಳಸೇರಿದ ನೀರು ಅದರಲ್ಲಿ ಹನಿಯಾಗಿ ಕೆಳಗೆ ಹೋಗಿ ನಿಲ್ಲುತ್ತದೆ. ಗಾಳಿಯ ಸಣ್ಣ ಗುಳ್ಳೆಗಳನ್ನು ಬೇಗ ಬಿಟ್ಟುಕೊಡುವುದೂ ಇಲ್ಲ, ಹಾಗಾಗಿ ಎಬಿಎಸ್ ಗಾಡಿಗಳಿಗೆ ಹೊಂದುವುದಿಲ್ಲ. ಹಾರ್ಲೆ ಡೇವಿಡ್‌ಸನ್‌ನ ಹಳೆಯ ಬೈಕುಗಳಲ್ಲಿ ಇದಿತ್ತು, ಆಮೇಲೆ ಅವರೂ ಡಾಟ್ 4ಕ್ಕೆ ಬಂದರು. 5 ಮತ್ತು 5.1ರ ನಡುವೆ ಇರುವುದು ಒಂದು ಚುಕ್ಕೆ, ಒಂದು ಅಂಕಿ ಮಾತ್ರ. ಆನ್‌ಲೈನ್‌ನಲ್ಲಿ ತರಿಸುವಾಗ ಎರಡು ಸಲ ಓದಿ.

ಬೇರೆ ಬೇರೆ ಕಂಪನಿಯದನ್ನು ಬೆರೆಸಬಹುದೇ?

ಡಾಟ್ 4 ಡಾಟ್ 4 ಜೊತೆ ಬೆರೆಯುತ್ತದೆ, ಕಂಪನಿ ಯಾವುದಾದರೂ ತೊಂದರೆಯಿಲ್ಲ.

ದಾರಿಯಲ್ಲಿ ಆಯಿಲ್ ಸೋರಿಹೋಯಿತು. ಸದ್ಯಕ್ಕೆ ಎಂಜಿನ್ ಆಯಿಲ್ ಹಾಕಿ ಊರು ಸೇರಬಹುದೇ?

ಖಂಡಿತ ಬೇಡ. ಪವರ್ ಸ್ಟೀರಿಂಗ್ ಆಯಿಲ್, ಗ್ರೀಸ್, ತೆಂಗಿನೆಣ್ಣೆ ಯಾವುದೂ ಬೇಡ. ಬ್ರೇಕಿನೊಳಗಿನ ರಬ್ಬರ್ ಸೀಲುಗಳನ್ನು ಗ್ಲೈಕಾಲ್‌ಗೆ ಹೊಂದುವ ರಬ್ಬರಿನಿಂದ ಮಾಡಿರುತ್ತಾರೆ. ಪೆಟ್ರೋಲಿಯಂ ಎಣ್ಣೆ ತಗುಲಿದರೆ ಆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಮುಚ್ಚಳದಡಿಯ ರಬ್ಬರ್ ತನ್ನ ಜಾಗದಲ್ಲಿ ಕೂರದಷ್ಟು ದೊಡ್ಡದಾಗುವುದೇ ಅದರ ಮೊದಲ ಗುರುತು. ಆಮೇಲೆ ಬ್ರೇಕ್ ಜಾಮ್ ಆಗುತ್ತದೆ, ಇಲ್ಲವೇ ಹಿಡಿಯುವುದೇ ಇಲ್ಲ. ತೊಳೆದು ಹೊಸ ಆಯಿಲ್ ಹಾಕಿದರೂ ಸಾಲದು. ಸೀಲು, ಹೋಸು, ರಬ್ಬರ್ ಇರುವ ಭಾಗಗಳನ್ನೆಲ್ಲ ಹೊಸದಾಗಿ ಹಾಕಬೇಕು. ಸೋರುವ ಗಾಡಿಯನ್ನು ಟೋ ಮಾಡಿಸಿ.

ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು? ನನ್ನ ಗಾಡಿ ಓಡುವುದೇ ಕಡಿಮೆ.

ಸಾಮಾನ್ಯವಾಗಿ ಎರಡು ವರ್ಷ. ನಿಮ್ಮ ಮ್ಯಾನುಯಲ್ ಬೇರೆ ಹೇಳಿದ್ದರೆ ಅದೇ ಅಂತಿಮ. ಗಾಡಿ ಓಡಲಿ, ಶೆಡ್ಡಿನಲ್ಲಿ ನಿಂತಿರಲಿ, ತೇವ ಸೇರುವುದು ನಿಲ್ಲುವುದಿಲ್ಲ. ಈ ವಿಷಯದಲ್ಲಿ ಕಿಲೋಮೀಟರಿಗಿಂತ ಕ್ಯಾಲೆಂಡರ್ ಮುಖ್ಯ. ವರ್ಷಕ್ಕೆರಡು ಸಲ ಊರಿಗೆ ಹೋಗಲು ಮಾತ್ರ ತೆಗೆಯುವ ಕಾರಿನ ಬಗ್ಗೆ ನನಗೆ ಹೆಚ್ಚು ಚಿಂತೆ. ಅದು ಕಡಿಮೆ ಓಡಿದೆಯೆಂದು ಆಯಿಲ್ ಹಾಗೇ ಬಿಟ್ಟಿರುತ್ತಾರೆ, ತೆಗೆದ ದಿನವೇ ತುಂಬ ಜನ, ಲಗೇಜು ಹೇರಿಕೊಂಡು ಘಾಟಿ ಇಳಿಯುತ್ತಾರೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು, ಮಲೆನಾಡಿನವರು ಎರಡು ವರ್ಷ ದಾಟಿಸಲೇಬೇಡಿ. ಬದಲಾಯಿಸಿದ ತಿಂಗಳು, ಇಸವಿಯನ್ನು ಒಂದು ಸಣ್ಣ ಚೀಟಿಯಲ್ಲಿ ಬರೆದು ಸೀಟಿನಡಿ ಅಥವಾ ಬಾನೆಟ್ಟಿನ ಒಳಮೈಗೆ ಅಂಟಿಸಿ.

ಬಣ್ಣ ನೋಡಿ ಹೇಳಬಹುದೇ?

ಪೂರ್ತಿ ಆಗದು. ಹೊಸ ಆಯಿಲ್ ತಿಳಿ ಹಳದಿ ಅಥವಾ ನೀರಿನಂತೆ ತಿಳಿಯಾಗಿರುತ್ತದೆ. ಕಪ್ಪು ಕಾಫಿಯ ಬಣ್ಣಕ್ಕೆ ಬಂದಿದ್ದರೆ ಬದಲಾಯಿಸಲು ತಡವಾಗಿದೆ ಎಂದೇ ಅರ್ಥ. ಆದರೆ ತಿಳಿಯಾಗಿದ್ದರೆ ಚೆನ್ನಾಗಿದೆ ಎನ್ನುವ ಹಾಗಿಲ್ಲ, ಸೇರಿದ ನೀರು ಕಣ್ಣಿಗೆ ಕಾಣುವುದಿಲ್ಲ. ಪೆನ್ನಿನ ಆಕಾರದ, ದೀಪ ಹೊತ್ತುವ ಟೆಸ್ಟರ್‌ಗಳು ಅಗ್ಗಕ್ಕೆ ಸಿಗುತ್ತವೆ. ಅವು ವಿದ್ಯುತ್ ಹರಿಯುವುದನ್ನು ನೋಡಿ ನೀರನ್ನು ಅಂದಾಜು ಮಾಡುತ್ತವೆ. ಕೆಂಪು ದೀಪ ಬಂದರೆ ಬದಲಾಯಿಸಿ. ಹಸಿರು ಬಂತೆಂದು ಎರಡು ವರ್ಷದ ಲೆಕ್ಕ ಬಿಡಬೇಡಿ. ಮಾಸ್ಟರ್ ಸಿಲಿಂಡರಿನ ಮೇಲಿನ ಡಬ್ಬಿಯಲ್ಲಿರುವ ಆಯಿಲ್ ಚೆನ್ನಾಗಿದ್ದು, ಬಿಸಿ ತಿನ್ನುವ ಕ್ಯಾಲಿಪರಿನದು ಕೆಟ್ಟಿರುವುದೂ ಉಂಟು.

ಮಟ್ಟ ಇಳಿದಿದೆ. ಸ್ವಲ್ಪ ತುಂಬಿಸಿದರೆ ಸಾಕಲ್ಲ?

ಮೊದಲು ಪ್ಯಾಡು ನೋಡಿ. ಪ್ಯಾಡು ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಕೆಳಗೆ ಹೋಗುತ್ತದೆ, ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಇದು ಸಹಜ. ಸವೆದ ಪ್ಯಾಡಿರುವಾಗ ಮ್ಯಾಕ್ಸ್ ಗೆರೆಯವರೆಗೆ ತುಂಬಿಸಿದರೆ, ಹೊಸ ಪ್ಯಾಡು ಹಾಕಲು ಪಿಸ್ಟನ್ ಒಳಗೆ ತಳ್ಳಿದಾಗ ಆಯಿಲ್ ಉಕ್ಕಿ ಪೇಂಟಿನ ಮೇಲೆ ಚೆಲ್ಲುತ್ತದೆ. ಪ್ಯಾಡು ದಪ್ಪಗಿದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಲಿವರಿನ ಬುಡ, ಹೋಸಿನ ಜೋಡಣೆ, ಕ್ಯಾಲಿಪರ್, ಕಾರಾದರೆ ಹಿಂದಿನ ಚಕ್ರಗಳ ಒಳಬದಿಯ ಒದ್ದೆ ಕಲೆ ಹುಡುಕಿ. ತುಂಬಿಸುವುದರಿಂದ ಹಳೆಯ ಆಯಿಲ್ ಹೊಸದಾಗುವುದೂ ಇಲ್ಲ.

ಹೋದ ವರ್ಷ ತಂದ ಡಬ್ಬಿಯಲ್ಲಿ ಅರ್ಧ ಉಳಿದಿದೆ. ಬಳಸಬಹುದೇ?

ಬೇಡ. ಸೀಲ್ ಒಡೆದ ಕ್ಷಣದಿಂದ ಅದೂ ತೇವ ಹೀರತೊಡಗುತ್ತದೆ. ಬೈಕಿನ ಎರಡೂ ಬ್ರೇಕಿಗೆ 250 ಮಿ.ಲೀ. ಸಾಮಾನ್ಯವಾಗಿ ಸಾಕು, ಕಾರಿಗೆ ಒಂದು ಲೀಟರ್ ತನ್ನಿ. ಸಣ್ಣ ಡಬ್ಬಿ ತಂದು ಒಂದೇ ಸಲಕ್ಕೆ ಮುಗಿಸಿ.

ಬೈಕಿನ ಮುಂದಿನ ಡಿಸ್ಕಿನ ಆಯಿಲ್ ಮನೆಯಲ್ಲೇ ಬದಲಾಯಿಸುವುದು ಹೇಗೆ?

ಬ್ರೇಕಿನ ಕೆಲಸ ಮೊದಲ ಸಲ ಮಾಡುವವರು ತಿಳಿದವರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡು ಮಾಡಿ. ಕೆಲಸ ಕಷ್ಟದ್ದಲ್ಲ, ಗಮನ ಬೇಡುತ್ತದೆ.

ಬೇಕಾದದ್ದು ಇಷ್ಟು: ಸೀಲ್ ಒಡೆಯದ ಆಯಿಲ್, ಕ್ಯಾಲಿಪರಿನಿಂದ ಹಳೆಯ ಆಯಿಲ್, ಗಾಳಿ ಹೊರಬಿಡುವ ಸ್ಕ್ರೂ ಆದ ಬ್ಲೀಡ್ ನಿಪ್ಪಲ್‌ಗೆ ಸರಿಯಾದ ರಿಂಗ್ ಸ್ಪ್ಯಾನರ್ (ಹೆಚ್ಚಿನ ಬೈಕುಗಳಲ್ಲಿ 8 ಎಂಎಂ), ನಿಪ್ಪಲ್‌ಗೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪು, ಒಂದು ಹಳೆ ಬಾಟಲಿ, ಸಿರಿಂಜು, ಬಕೆಟ್ ನೀರು, ಬಟ್ಟೆ.

ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಲಿವರಿನ ಬಳಿಯ ಆಯಿಲ್ ಡಬ್ಬಿ ಸಮತಟ್ಟಾಗುವ ಹಾಗೆ ಹ್ಯಾಂಡಲ್ ತಿರುಗಿಸಿ. ಟ್ಯಾಂಕಿನ ಮೇಲೆ, ಮಡ್‌ಗಾರ್ಡಿನ ಮೇಲೆ ಒದ್ದೆ ಬಟ್ಟೆ ಹೊದಿಸಿ. ಮುಚ್ಚಳದ ಸುತ್ತಲಿನ ಧೂಳನ್ನು ಮೊದಲು ಒರೆಸಿ ತೆಗೆಯಿರಿ. ಮುಚ್ಚಳದ ಎರಡು ಸ್ಕ್ರೂಗಳಲ್ಲೇ ಎಷ್ಟೋ ಜನರ ಕೆಲಸ ನಿಲ್ಲುವುದು. ಉಕ್ಕಿನ ಸ್ಕ್ರೂ, ಅಲ್ಯೂಮಿನಿಯಂ ದೇಹ, ನಡುವೆ ವರ್ಷಗಟ್ಟಲೆ ಮಳೆನೀರು, ಹಿಡಿದುಕೊಂಡು ಕೂತಿರುತ್ತದೆ. ಸ್ಕ್ರೂಡ್ರೈವರ್ ತಲೆ ಸರಿಯಾಗಿ ಕೂರಬೇಕು. ಕೂರಿಸಿ ಹಿಂಬದಿಗೆ ಹಗುರವಾಗಿ ಎರಡು ಪೆಟ್ಟು ಕೊಡಿ, ಆಮೇಲೆ ಮೇಲಿಂದ ಭಾರ ಹಾಕಿ ತಿರುಗಿಸಿ. ತಲೆ ಸವೆಯಿತೆಂದರೆ ಡ್ರಿಲ್ ಹಾಕಿಸಬೇಕಾಗುತ್ತದೆ.

ಮುಚ್ಚಳದಡಿ ಮಡಿಕೆ ಮಡಿಕೆಯಾಗಿರುವ ರಬ್ಬರ್ ತೆಗೆದು ಒರೆಸಿಡಿ. ಡಬ್ಬಿಯಲ್ಲಿರುವ ಹಳೆಯ ಆಯಿಲನ್ನು ಸಿರಿಂಜಿನಿಂದ ಎಳೆದು, ತಳದ ಕೆಸರು ಒರೆಸಿ, ಹೊಸದು ತುಂಬಿ. ಈಗ ಕೆಳಗೆ ಬನ್ನಿ. ನಿಪ್ಪಲಿನ ರಬ್ಬರ್ ಟೋಪಿ ತೆಗೆದು ಮೊದಲು ರಿಂಗ್ ಸ್ಪ್ಯಾನರ್ ಹಾಕಿ, ಅದರ ಮೇಲೆ ಪೈಪು ಏರಿಸಿ. ಪೈಪಿನ ಇನ್ನೊಂದು ತುದಿ ಬಾಟಲಿಯಲ್ಲಿರುವ ಸ್ವಲ್ಪ ಆಯಿಲ್‌ನಲ್ಲಿ ಮುಳುಗಿರಲಿ.

ಲಿವರ್ ಹಿಂಡಿ ಹಿಡಿದುಕೊಳ್ಳಿ. ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಲಿವರ್ ಹ್ಯಾಂಡಲ್ ಕಡೆ ಜಾರುತ್ತದೆ, ಪೈಪಿನಲ್ಲಿ ಹಳೆಯ ಆಯಿಲ್ ಬರುತ್ತದೆ. ನಿಪ್ಪಲ್ ಮುಚ್ಚಿ, ಆಮೇಲೆಯೇ ಲಿವರ್ ಬಿಡಿ. ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ನಾಲ್ಕೈದು ಸಲಕ್ಕೊಮ್ಮೆ ಮೇಲಿನ ಡಬ್ಬಿ ನೋಡುತ್ತಿರಿ. ಅದು ಖಾಲಿಯಾಗಿ ಗಾಳಿ ಎಳೆಯಿತೆಂದರೆ ಮಾಡಿದ್ದೆಲ್ಲ ಮೊದಲಿಂದ ಮಾಡಬೇಕು. ಪೈಪಿನಲ್ಲಿ ಕಂದು ಬಣ್ಣ ಮುಗಿದು ತಿಳಿ ಹಳದಿ ಶುರುವಾಗುವ ಗಡಿ ಸ್ಪಷ್ಟವಾಗಿ ಕಾಣುತ್ತದೆ. ಅದು ಬಂದ ಮೇಲೂ ಇನ್ನಷ್ಟು ಸಲ ಹಿಂಡಿ.

ಕೊನೆಗೆ ನಿಪ್ಪಲ್ ಬಿಗಿ ಮಾಡಿ. ಒಳಗೆ ತೂತಿರುವ ತೆಳು ಸ್ಕ್ರೂ ಅದು, ಬಲ ಹಾಕಿದರೆ ಮುರಿಯುತ್ತದೆ. ಡಬ್ಬಿಯನ್ನು ಗೆರೆಯವರೆಗೆ ತುಂಬಿಸಿ, ರಬ್ಬರಿನ ಮಡಿಕೆ ಸರಿಮಾಡಿ ಕೂರಿಸಿ, ಮುಚ್ಚಳ ಹಾಕಿ. ಕ್ಯಾಲಿಪರನ್ನು ನೀರಿನಿಂದ ತೊಳೆಯಿರಿ. ಲಿವರ್ ಗಟ್ಟಿಯಾಗಿದೆಯೇ ಎಂದು ನಿಂತಲ್ಲೇ ನೋಡಿ, ಮನೆಮುಂದೆ ನಿಧಾನವಾಗಿ ಓಡಿಸಿ ಹಿಡಿದು ನೋಡಿ, ಆಮೇಲೆ ರಸ್ತೆಗಿಳಿಯಿರಿ.

ಕಾರಿನಲ್ಲೂ ಹೀಗೆಯೇ?

ತತ್ವ ಅದೇ, ಚಕ್ರ ನಾಲ್ಕು. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡುವುದು ರೂಢಿ. ನಮ್ಮ ಬಲಗೈ ಸ್ಟೀರಿಂಗ್ ಕಾರುಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಕಾರುಗಳಲ್ಲಿ ಕ್ರಮ ಬೇರೆ, ಮ್ಯಾನುಯಲ್ ನೋಡಿಕೊಳ್ಳಿ. ಒಬ್ಬರು ಪೆಡಲ್ ಒತ್ತಬೇಕು, ಒಬ್ಬರು ನಿಪ್ಪಲ್ ನೋಡಬೇಕು. ಹಳೆಯ ಕಾರಾದರೆ ಪೆಡಲನ್ನು ನೆಲ ಮುಟ್ಟಿಸಬೇಡಿ, ಅಡಿಯಲ್ಲಿ ಮರದ ತುಂಡಿಡಿ. ಮಾಸ್ಟರ್ ಸಿಲಿಂಡರಿನೊಳಗೆ ದಿನನಿತ್ಯ ಸೀಲು ಹೋಗದ ಜಾಗದಲ್ಲಿ ತುಕ್ಕು ಕೂತಿರುತ್ತದೆ, ಅಲ್ಲಿಗೆ ಹೋದ ಸೀಲು ಹರಿಯುತ್ತದೆ. ಜ್ಯಾಕ್ ಒಂದನ್ನೇ ನಂಬಿ ಕಾರಿನಡಿ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಿ.

ಎಬಿಎಸ್ ಇದ್ದರೆ ಶೋರೂಮಿಗೇ ಹೋಗಬೇಕೇ?

ಭಾರತದಲ್ಲಿ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾದ್ದರಿಂದ ಈ ಪ್ರಶ್ನೆ ಈಗ ಬಹಳ ಜನರದು. ಗಾಳಿ ಸೇರಿಸದೆ ಆಯಿಲ್ ಬದಲಾಯಿಸುವುದಾದರೆ ಹೆಚ್ಚಿನ ಗಾಡಿಗಳಲ್ಲಿ ಮೇಲಿನ ವಿಧಾನವೇ ನಡೆಯುತ್ತದೆ. ಡಬ್ಬಿ ಖಾಲಿಯಾಗಿ ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕರೆ ಮಾತ್ರ ಅದರ ಪಂಪು, ವಾಲ್ವುಗಳನ್ನು ಸ್ಕ್ಯಾನರ್ ಹಾಕಿ ಓಡಿಸಬೇಕಾಗುತ್ತದೆ. ಆಗ ಆ ಉಪಕರಣ ಇರುವ ಕಡೆಯೇ ಹೋಗಬೇಕು.

ಬದಲಾಯಿಸಿದ ಮೇಲೆ ಲಿವರ್ ಮೆತ್ತಗಿದೆ.

ಗಾಳಿ ಉಳಿದಿದೆ. ಓಡಿಸಬೇಡಿ, ಮತ್ತೆ ಬ್ಲೀಡ್ ಮಾಡಿ. ಬೈಕಿನಲ್ಲಿ ಗುಳ್ಳೆ ಹೋಸನ್ನು ಮಾಸ್ಟರ್ ಸಿಲಿಂಡರಿಗೆ ಜೋಡಿಸುವ ಮೇಲಿನ ಬ್ಯಾಂಜೋ ಬೋಲ್ಟಿನ ಹತ್ತಿರ ಸಿಕ್ಕಿಕೊಂಡಿರುವುದು ಹೆಚ್ಚು. ಲಿವರನ್ನು ಸಣ್ಣಗೆ ಪದೇ ಪದೇ ತಟ್ಟಿದರೆ ಡಬ್ಬಿಯಲ್ಲಿ ಗುಳ್ಳೆ ಏಳುವುದು ಕಾಣುತ್ತದೆ. ಎಷ್ಟು ಮಾಡಿದರೂ ಗಟ್ಟಿಯಾಗದಿದ್ದರೆ ಹಳೆಯ ರಬ್ಬರ್ ಹೋಸು ಊದುತ್ತಿರಬಹುದು, ಮಾಸ್ಟರ್ ಸಿಲಿಂಡರಿನ ಸೀಲು ಹೋಗಿರಬಹುದು.

ಪೇಂಟಿನ ಮೇಲೆ, ಕೈಮೇಲೆ ಬಿದ್ದರೆ?

ತಕ್ಷಣ ನೀರು ಸುರಿಯಿರಿ. ಗ್ಲೈಕಾಲ್ ನೀರಿನಲ್ಲಿ ಕರಗುತ್ತದೆ, ಪೇಂಟನ್ನು ತಿನ್ನುತ್ತದೆ. ಬಟ್ಟೆಯಲ್ಲಿ ಉಜ್ಜಿದರೆ ಹರಡುತ್ತದೆ. ಕಣ್ಣಿಗೆ ಹಾರಿದರೆ ಬಹಳ ಹೊತ್ತು ನೀರಿನಲ್ಲಿ ತೊಳೆದು ವೈದ್ಯರನ್ನು ನೋಡಿ. ಪ್ಯಾಡಿಗೆ ತಾಗಿದ್ದರೆ ಹೊಸ ಪ್ಯಾಡು ಹಾಕುವುದೇ ಸರಿ.

ಡ್ರಮ್ ಬ್ರೇಕಿನ ಸ್ಕೂಟರಿಗೂ ಬೇಕೇ?

ಕೇಬಲ್ ಅಥವಾ ರಾಡ್ ಎಳೆಯುವ ಡ್ರಮ್ಮಿಗೆ ಬ್ರೇಕ್ ಆಯಿಲ್ ಇಲ್ಲ. ಕಾರಿನ ಹಿಂದಿನ ಡ್ರಮ್ಮಿನಲ್ಲಿ ಇದೆ.

ಎಲೆಕ್ಟ್ರಿಕ್ ಗಾಡಿಗೆ?

ಮೋಟಾರೇ ವೇಗ ಇಳಿಸುವುದರಿಂದ ಪ್ಯಾಡು ಕಡಿಮೆ ಸವೆಯುತ್ತದೆ. ಆಯಿಲ್ ಮಾತ್ರ ಎಲ್ಲ ಗಾಡಿಗಳಂತೆಯೇ ತೇವ ಹೀರುತ್ತದೆ.

ಹೈಡ್ರಾಲಿಕ್ ಕ್ಲಚ್ಚಿಗೂ ಇದೇ ಆಯಿಲ್ಲೇ?

ಹಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಬೈಕುಗಳಲ್ಲಿ ಕೆಲವು ಕ್ಲಚ್ಚುಗಳು ಡಾಟ್ 4 ಕೇಳುತ್ತವೆ, ಕೆಲವು ಮಿನರಲ್ ಆಯಿಲ್ ಕೇಳುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಹೋದರೆ ಸೀಲು ಹಾಳು. ಮುಚ್ಚಳ ಓದಿ ಹಾಕಿ.

ಗ್ಯಾರೇಜಿನಲ್ಲಿ ಸರಿಯಾಗಿ ಬದಲಾಯಿಸಿದರೆಂದು ತಿಳಿಯುವುದು ಹೇಗೆ?

ಬಿಲ್ಲಿನಲ್ಲಿ ಟಾಪ್ ಅಪ್ ಎಂದಿದೆಯೋ ಬದಲಾವಣೆ ಎಂದಿದೆಯೋ ನೋಡಿ. ಡಬ್ಬಿಯಿಂದ ಹಳೆಯದು ಎಳೆದು ಹೊಸದು ತುಂಬಿ ಮುಗಿಸುವವರಿದ್ದಾರೆ; ಅದರಿಂದ ಹೋಸಿನಲ್ಲಿ, ಕ್ಯಾಲಿಪರಿನಲ್ಲಿ ಇರುವುದು ಹಾಗೇ ಉಳಿಯುತ್ತದೆ. ಸೀಲ್ ಇರುವ ಡಬ್ಬಿಯನ್ನು ನಿಮ್ಮೆದುರು ಒಡೆಯಲು ಹೇಳಿ, ಪ್ರತಿ ಚಕ್ರದಲ್ಲೂ ಬ್ಲೀಡ್ ಮಾಡುವಾಗ ಹತ್ತಿರ ನಿಂತು ನೋಡಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಪೈಪಿನಲ್ಲಿ ಬರುವ ಬಣ್ಣವನ್ನು ಅವರೇ ತೋರಿಸುತ್ತಾರೆ.

ತೆಗೆದ ಹಳೆಯ ಆಯಿಲ್ ಏನು ಮಾಡುವುದು?

ಚರಂಡಿಗೆ, ಗಿಡದ ಬುಡಕ್ಕೆ ಸುರಿಯಬೇಡಿ. ಅದು ವಿಷ, ನಾಯಿ, ದನಕರುಗಳು ನೆಕ್ಕಬಾರದು, ಮಕ್ಕಳ ಕೈಗೂ ಸಿಗಬಾರದು. ಬಿಗಿ ಮುಚ್ಚಳದ ಬಾಟಲಿಗೆ ಹಾಕಿ, ಮೇಲೆ ಹೆಸರು ಬರೆದು, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಕೊಡುವಾಗ ಬ್ರೇಕ್ ಆಯಿಲ್ ಎಂದು ಹೇಳಿ, ಹಳೆಯ ಎಂಜಿನ್ ಆಯಿಲ್ ಪೀಪಾಯಿಗೆ ಬೆರೆಸದೆ ಬೇರೆಯಾಗಿ ಇಡಬೇಕಾದದ್ದು ಅದು.